ಕನಸು ಬೀಳೋಕೆ ಮುಂಚೇನೇ ಅವಳಿಗೆ ಗೊತ್ತಿತ್ತು

ಹಳ್ಳಿಗಳಲ್ಲಿ ನಡೆದ ಹಳೇ ಕೊಲೆ ಕೇಸುಗಳನ್ನ ಓದೋ ಚಟ ಇರೋರಿಗೆ ಒಂದು ಗೊತ್ತಿರತ್ತೆ, ಇಂಥ ಕತೆ ನೂರಾರು ವರ್ಷ ಜನರ ಬಾಯಲ್ಲಿ ಉಳೀಬೇಕು ಅಂದ್ರೆ ಬರೀ ಕೊಲೆ ಸಾಕಾಗಲ್ಲ, ಒಂದು ದೆವ್ವ ಬೇಕು, ಇಲ್ಲಾ ಒಂದು ಶಾಪ, ಅದೂ ಇಲ್ಲಾಂದ್ರೆ ಒಂದು ಕನಸಾದ್ರೂ ಬೇಕು. ಇಂಗ್ಲೆಂಡಿನ ಸಫೋಕ್ ಸೀಮೆಯ ಪೋಲ್‌ಸ್ಟೆಡ್ ಅನ್ನೋ ಹಳ್ಳಿಲಿ 1827ರಲ್ಲಿ ಆದ ಮರಿಯಾ ಮಾರ್ಟನ್ ಕೊಲೆಗೆ ಈ ಕನಸಿನ ಭಾಗ್ಯ ಸಿಕ್ಕಿದೆ. ರೆಡ್ ಬಾರ್ನ್ ಮರ್ಡರ್ ಅಂತ ಅದರ ಹೆಸರು. ಯಾರು ಹೇಳಿದ್ರೂ ಅಲ್ಲಿಂದಾನೇ ಶುರು: ಮಗಳು ಓಡಿಹೋಗಿ ಮದುವೆ ಮಾಡ್ಕೊಂಡಿದ್ದಾಳೆ ಅಂತ ಮನೆಯವರು ನಂಬ್ಕೊಂಡಿದ್ರು, ವರ್ಷದ ಹತ್ತಿರ ಆಗೋವಾಗ ಮಲತಾಯಿಗೆ ಕನಸು ಬಿತ್ತು, ಮಗಳನ್ನ ಕೊಂದು ಕೊಟ್ಟಿಗೇಲಿ ಹೂತಿದ್ದಾರೆ ಅಂತ, ಗಂಡ ಹೋಗಿ ಅಗೆದ, ಹೆಣ ಸಿಕ್ತು. ಮೈ ಜುಮ್ ಅನ್ಸೋ ಹಾಗೆ ಹೇಳ್ತಾರೆ. ನಂಗೂ ಮೊದಲ ಸಲ ಓದಿದಾಗ ಹಾಗೇ ಅನ್ಸಿತ್ತು, ಆದ್ರೆ ಕೋರ್ಟಲ್ಲಿ ಯಾರ್ಯಾರು ಏನೇನು ಹೇಳಿದ್ರು ಅಂತ ಓದ್ತಾ ಹೋದ ಹಾಗೆ ಕನಸಿನ ಬೆರಗೆಲ್ಲ ಇಳಿದು ಬೇರೆ ಥರದ ಹೊಟ್ಟೆಸಂಕಟ ಶುರುವಾಯ್ತು.

ಮೊದಲು ಜನ ಯಾರು ಅಂತ ಹೇಳ್ಬಿಡ್ತೀನಿ.

ಮರಿಯಾ ಹುಟ್ಟಿದ್ದು 1801ರಲ್ಲಿ. ಅಪ್ಪ ಥಾಮಸ್ ಮಾರ್ಟನ್, ಕಸುಬು ಮೋಲ್ ಹಿಡಿಯೋದು. ಮೋಲ್ ಅಂದ್ರೆ ಇಲಿ ಥರ ಕಾಣೋ, ನೆಲದೊಳಗೇ ಸುರಂಗ ಕೊರ್ಕೊಂಡು ಬದುಕೋ ಪ್ರಾಣಿ, ಹೊಲ ಹುಲ್ಲುಗಾವಲೆಲ್ಲ ಹಾಳು ಮಾಡತ್ತೆ ಅಂತ ಅದನ್ನ ಹಿಡಿಯೋಕೇ ಅಂತ ಆಗ ಜನ ಇರ್ತಿದ್ರು. ಬಡ ಕಸುಬು. ವಿಲಿಯಂ ಕಾರ್ಡರ್ ಅದೇ ಊರಿನ ಅನುಕೂಲಸ್ಥ ರೈತನ ಮಗ, ಮರಿಯಾಗಿಂತ ಎರಡು ವರ್ಷ ಚಿಕ್ಕವನು, ಸ್ಕೂಲಲ್ಲಿ ಅವನಿಗೆ ನರಿ ಅಂತ ಅಡ್ಡಹೆಸರಿತ್ತಂತೆ, ಅಪ್ಪನ ಹಂದಿಗಳನ್ನೇ ಕದ್ದು ಮಾರಿದ್ದ ಅಂತಾನೂ ಇದೆ. ಅಪ್ಪ ಬೇಜಾರಾಗಿ ಲಂಡನ್ನಿಗೆ ಅಟ್ಟಿದ್ದ. ಆಮೇಲೆ ಅಣ್ಣ ಥಾಮಸ್ ಕಾರ್ಡರ್ ಹೆಪ್ಪುಗಟ್ಟಿದ ಕೊಳ ದಾಟೋಕೆ ಹೋಗಿ ಐಸು ಒಡೆದು ಮುಳುಗಿ ಸತ್ತ, ವಾಪಸ್ ಕರೆಸಿದ್ರು, ಒಂದೂವರೆ ವರ್ಷದೊಳಗೆ ಅಪ್ಪ, ಉಳಿದ ಅಣ್ಣತಮ್ಮಂದಿರೂ ಹೋಗ್ಬಿಟ್ರು, ತಾಯಿ ಮತ್ತು ಇವನೇ ಉಳಿದದ್ದು. ಜಮೀನಿನ ಉಸ್ತುವಾರಿ ಇವನ ಕೈಗೆ ಬಂತು.

ಮರಿಯಾಗೆ ಇವನಿಗಿಂತ ಮುಂಚೆ ಎರಡು ಮಕ್ಕಳಾಗಿದ್ವು, ಒಂದು ಇದೇ ವಿಲಿಯಂನ ಅಣ್ಣ ಥಾಮಸ್‌ನಿಂದ, ಅದು ಉಳೀಲಿಲ್ಲ. ಇನ್ನೊಂದು ಪೀಟರ್ ಮ್ಯಾಥ್ಯೂಸ್ ಅನ್ನೋನಿಂದ, ಅವನು ಮದುವೆ ಆಗ್ಲಿಲ್ಲ ಆದ್ರೆ ಮಗುವಿಗೆ ಅಂತ ದುಡ್ಡು ಕಳಿಸ್ತಿದ್ದ. ವಿಲಿಯಂ ಜೊತೆ ಮೂರನೇ ಮಗು 1827ರಲ್ಲಿ ಹುಟ್ಟಿ ಹೆಚ್ಚು ದಿನ ಬದುಕದೆ ಸತ್ತೋಯ್ತು. ಎಲ್ಲಿ ಹೂತ್ರು ಅನ್ನೋದು ಕೊನೆಗೂ ಸರಿಯಾಗಿ ಗೊತ್ತಾಗ್ಲೇ ಇಲ್ಲ.

ಇದೆಲ್ಲ ಊರಿಗೆ ಗೊತ್ತಿತ್ತು ಅನ್ನೋದನ್ನ ಮರೀಬಾರ್ದು. ಚಿಕ್ಕ ಊರು, ಯಾರ ಮನೆ ಹಿಂದಿನ ಬಾಗಿಲಿಂದ ಯಾರು ಹೋದ್ರು ಬಂದ್ರು ಅನ್ನೋದು ಸಂಜೆ ಹೊತ್ತಿಗೆ ಎಲ್ಲರ ಬಾಯಲ್ಲೂ ಇರತ್ತೆ. ಮುಚ್ಚಿಡೋಕೆ ಏನೂ ಉಳಿದಿರಲಿಲ್ಲ.

1827ರ ಮೇ 18, ಶುಕ್ರವಾರ. ಕಾರ್ಡರ್ ಮಾರ್ಟನ್ ಮನೆಗೆ ಬಂದು, ಈಗಿಂದೀಗ್ಲೇ ಹೊರಡಬೇಕು, ಮದುವೆ ಇಲ್ಲದೆ ಮಕ್ಕಳು ಹೆತ್ತಿದ್ದಕ್ಕೆ ನಿನ್ನ ಮೇಲೆ ವಾರಂಟ್ ಬಂದಿದೆ, ಕಾನ್‌ಸ್ಟೇಬಲ್ ಬರ್ತಾನೆ, ಇಪ್ಸ್‌ವಿಚ್‌ಗೆ ಹೋಗಿ ಮದುವೆ ಮಾಡ್ಕೊಳ್ಳೋಣ ಅಂದ. ಅಂಥ ವಾರಂಟೇ ಇರಲಿಲ್ಲ ಅಂತ ಊರಿನ ಕಾನ್‌ಸ್ಟೇಬಲ್ಲೇ ಆಮೇಲೆ ಕೋರ್ಟಲ್ಲಿ ಹೇಳಿದ. ಆದ್ರೆ ಸುಳ್ಳು ನಂಬೋ ಹಾಗಿತ್ತು. ಆ ಕಾಲದ ಕಾನೂನಲ್ಲಿ ಮದುವೆ ಇಲ್ಲದೆ ಹುಟ್ಟಿದ ಮಗುವಿನ ಖರ್ಚು ಪ್ಯಾರಿಷ್ ಮೇಲೆ, ಅಂದ್ರೆ ಚರ್ಚಿನ ಸುತ್ತ ಇರೋ ಊರಾಡಳಿತದ ಮೇಲೆ ಬಿದ್ರೆ ತಾಯಿಯನ್ನ ಹಿಡ್ಕೊಂಡು ಹೋಗಿ ಕೂಡಿಹಾಕೋಕೆ ಅವಕಾಶ ಇತ್ತು, ಹಾಗಾಗಿ ಈ ಭಯ ಬಡ ಹೆಣ್ಣುಮಕ್ಕಳಿಗೆಲ್ಲ ಇದ್ದೇ ಇತ್ತು. ಕಾರ್ಡರ್ ಹೊಸದಾಗಿ ಏನೂ ಕಟ್ಟಬೇಕಾಗಿ ಬರ್ಲಿಲ್ಲ, ಊರು ಮೊದಲೇ ತಯಾರು ಮಾಡಿಟ್ಟಿದ್ದ ಭಯವನ್ನ ಎತ್ಕೊಂಡ ಅಷ್ಟೇ.

ಯಾರ ಕಣ್ಣಿಗೂ ಬೀಳಬಾರ್ದು ಅಂತ ಮರಿಯಾ ಗಂಡಸಿನ ಬಟ್ಟೆ ಹಾಕ್ಕೊಂಡಳು. ಅವಳ ಬಟ್ಟೆಗಳನ್ನ ಒಂದು ಚೀಲಕ್ಕೆ ತುಂಬಿ ಕಾರ್ಡರ್ ತಗೊಂಡ. ಅವನು ಒಂದು ಬಾಗಿಲಿಂದ, ಅವಳು ಇನ್ನೊಂದು ಬಾಗಿಲಿಂದ ಹೊರಟ್ರು. ಬಟ್ಟೆ ಬದಲಾಯಿಸೋದು ರೆಡ್ ಬಾರ್ನಲ್ಲಿ ಅಂತ ಮಾತಾಗಿತ್ತು, ಅದು ಕಾರ್ಡರ್ ಕುಟುಂಬದ ವಶದಲ್ಲಿದ್ದ ಧಾನ್ಯದ ಕೊಟ್ಟಿಗೆ, ಊರಿಂದ ಸ್ವಲ್ಪ ದೂರದಲ್ಲಿ, ಚಾವಣಿಗೆ ಒಂದು ಭಾಗ ಕೆಂಪು ಹೆಂಚು, ಉಳಿದದ್ದು ಹುಲ್ಲು, ಅದಕ್ಕೇ ಆ ಹೆಸರು. ಮರಿಯಾ ಜೀವಂತ ಕಂಡಿದ್ದು ಅವತ್ತೇ ಕೊನೆ.

ಈಗ ನೋಡಿ, ಇಲ್ಲೇ ನಂಗೆ ಕನಸಿನ ಕತೆ ಸಡಿಲ ಆಗೋದು. ಅವತ್ತು ಮನೇಲಿ ಇದ್ದೋಳು ಯಾರು? ಮಲತಾಯಿ ಆನ್. ಬಟ್ಟೆ ಹಾಕ್ಕೊಳ್ಳೋದು ನೋಡಿದ್ದು ಅವಳು. ರೆಡ್ ಬಾರ್ನಿಗೆ ಹೋಗ್ತಿದ್ದಾರೆ ಅಂತ ಗೊತ್ತಿದ್ದದ್ದು ಅವಳಿಗೆ. ಮರಿಯಾ ತಮ್ಮ ಜಾರ್ಜ್, ಹತ್ತು ವರ್ಷದ ಆಸುಪಾಸಿನ ಹುಡುಗ, ಅವತ್ತೇ ಕಾರ್ಡರ್ ಹೆಗಲ ಮೇಲೆ ಗುದ್ದಲಿ ಇಟ್ಕೊಂಡು ಕೊಟ್ಟಿಗೆ ಕಡೆಯಿಂದ ಬರೋದನ್ನ ನೋಡಿದ್ದ. ಕಾರ್ಡರ್ ಹತ್ರ ಪಿಸ್ತೂಲು ಇದ್ದದ್ದೂ ಮನೆಯವರಿಗೆ ಗೊತ್ತಿತ್ತು. ಇಷ್ಟೆಲ್ಲ ಕೈಲಿರೋ ಹೆಂಗಸಿಗೆ ಕನಸು ಬಂದು ಹೊಸದಾಗಿ ಏನು ಹೇಳ್ಬೇಕಿತ್ತು?

ಮುಂದೆ ಆಗಿದ್ದು ಕೇಳಿ. ಕಾರ್ಡರ್ ಓಡಿಹೋಗ್ಲಿಲ್ಲ, ಒಬ್ಬನೇ ಊರಲ್ಲಿ ಕಾಣಿಸ್ಕೊಂಡ. ಮರಿಯಾ ಎಲ್ಲಿ ಅಂತ ಕೇಳಿದ್ರೆ ಅಲ್ಲೆಲ್ಲೋ ಸ್ನೇಹಿತರ ಮನೇಲಿದ್ದಾಳೆ, ನಮ್ಮಮ್ಮ ಬೈತಾಳೆ ಅದಕ್ಕೆ ಈಗ್ಲೇ ಕರ್ಕೊಂಡು ಬರೋಕಾಗಲ್ಲ ಅನ್ನೋದು. ಸುಗ್ಗಿ ಬಂತು, ಆ ಕೊಟ್ಟಿಗೆ ತುಂಬ ಧಾನ್ಯ ತುಂಬಿಸೋದಕ್ಕೆ ಬಹಳ ಮುತುವರ್ಜಿ ವಹಿಸಿದ್ನಂತೆ. ಸುಗ್ಗಿ ಮುಗಿದ ಮೇಲೆ ಸೆಪ್ಟೆಂಬರಲ್ಲಿ ಊರು ಬಿಟ್ಟ. ಅಕ್ಟೋಬರಲ್ಲಿ ಲಂಡನ್ನಿಂದ ಕಾಗದ: ಮದುವೆ ಆಯ್ತು, ಐಲ್ ಆಫ್ ವೈಟ್‌ನಲ್ಲಿ ಇದ್ದೀವಿ, ಮರಿಯಾ ನಿಮಗೆ ಬರೆದಿದ್ದಳಲ್ಲ, ತಲುಪಲಿಲ್ವಾ, ಆಶ್ಚರ್ಯ! ಅವಳು ಯಾಕೆ ತಾನೇ ಬರೀತಿಲ್ಲ ಅಂತ ಕೇಳಿದ್ರೆ ಒಂದು ಸಲ ಹುಷಾರಿಲ್ಲ, ಒಂದು ಸಲ ಕೈಗೆ ಪೆಟ್ಟಾಗಿದೆ. ಬರೀ ಇವನ ಅಕ್ಷರದ ಕಾಗದಗಳು. ಅವಳದ್ದು ಒಂದು ಸಾಲೂ ಇಲ್ಲ.

ಹಾಗಾದ್ರೆ ಇಷ್ಟು ದಿನ ಯಾಕೆ ಯಾರೂ ಹುಡುಕಲಿಲ್ಲ? ಪೊಲೀಸರಿಗೆ ಹೇಳೋದಲ್ವಾ ಅಂತ ನಾವು ಈಗ ಸುಲಭವಾಗಿ ಕೇಳಿಬಿಡ್ತೀವಿ. ಹೇಳೋಕೆ ಪೊಲೀಸರು ಇರಬೇಕಲ್ಲ! ಲಂಡನ್ನಿಗೇ ಮೆಟ್ರೊಪಾಲಿಟನ್ ಪೊಲೀಸ್ ಬಂದಿದ್ದು 1829ರಲ್ಲಿ, ಹಳ್ಳಿಗಾಡಿನ ಕೌಂಟಿಗಳಿಗೆ ಸಂಬಳದ ಪೊಲೀಸ್ ಪಡೆ ಕಟ್ಟೋಕೆ ಕಾನೂನು ಆಗಿದ್ದು 1839ರಲ್ಲಿ. ಅದಕ್ಕೂ ಮುಂಚೆ ಹಳ್ಳಿಗೆ ಇದ್ದದ್ದು ಪ್ಯಾರಿಷ್ ಕಾನ್‌ಸ್ಟೇಬಲ್, ಅದೇ ಊರಿನವನು, ತನ್ನ ಕೆಲಸದ ಜೊತೆ ಇದನ್ನೂ ಮಾಡೋನು. ಅವನ ಕೆಲಸ ವಾರಂಟ್ ತಲುಪಿಸೋದು, ಕುಡಿದು ಗಲಾಟೆ ಮಾಡಿದೋರನ್ನ ಹಿಡಿಯೋದು, ಪತ್ತೇದಾರಿ ಅಲ್ಲ. ಕಾಣೆಯಾದೋರ ಕೇಸು ಅನ್ನೋ ಕಲ್ಪನೇನೇ ಇರಲಿಲ್ಲ. ಯಾರ ಮೇಲಾದ್ರೂ ದೂರು ಹೇಳ್ಬೇಕಾದ್ರೆ ನೀವೇ ಹೋಗಿ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಬೇಕು, ಆ ಮ್ಯಾಜಿಸ್ಟ್ರೇಟ್ ಅಂದ್ರೆ ಸುತ್ತಮುತ್ತಲಿನ ಯಾರೋ ಜಮೀನ್ದಾರ ಇಲ್ಲಾ ಪಾದ್ರಿ. ಮೋಲ್ ಹಿಡಿಯೋನ ಹೆಂಡತಿ ಅಂಥವರ ಮುಂದೆ ಹೋಗಿ, ಕಾರ್ಡರ್ ಮನೆ ಮಗ ನಮ್ಮ ಹುಡುಗೀನ ಕೊಂದಿದ್ದಾನೆ, ಅವರ ಕೊಟ್ಟಿಗೆ ಅಗೀಬೇಕು ಅನ್ನೋದು! ಯಾವ ಹುಡುಗಿ ಅಂತ ಕೇಳ್ತಾರೆ, ಮದುವೆ ಇಲ್ಲದೆ ಮೂರು ಹೆತ್ತೋಳಾ ಅಂತ ಕೇಳ್ತಾರೆ, ಓಡಿಹೋಗಿರ್ತಾಳೆ ಬಿಡು ಅಂತಾರೆ. ಅಲ್ಲಿಗೆ ಮುಗೀತು. ಅಗೆದು ಏನೂ ಸಿಗದೇ ಹೋದ್ರೆ ಆಮೇಲೆ ಅದೇ ಊರಲ್ಲಿ, ಅಂಥ ಮನೆತನದವರ ನಡುವೆ ಇವರು ಬಾಳಬೇಕು.

ಕನಸಿಗೆ ಈ ತೊಂದರೆ ಇಲ್ಲ. ಕನಸನ್ನ ವಾಪಸ್ ತಗೋಬಹುದು. ಅಗೆದು ಸಿಗಲಿಲ್ಲ ಅಂದ್ರೆ, ಹೆಂಗಸಿನ ಭ್ರಮೆ ಅಂತ ನಾಲ್ಕು ಜನ ನಗ್ತಾರೆ, ಗಂಡ ಬೈತಾನೆ, ಅಷ್ಟೇ, ಯಾರ ಮೇಲೂ ಆರೋಪ ಹೊರಿಸಿದ ಹಾಗಾಗಲ್ಲ. ಆನ್ ಬೇಕು ಅಂತಾನೇ ಕನಸು ಕಟ್ಟಿದ್ಲು ಅಂತ ನಾನು ಹೇಳ್ತಿಲ್ಲ, ನಿಜವಾಗ್ಲೂ ಬಿದ್ದಿರಬಹುದು. ತಿಂಗಳುಗಟ್ಟಲೆ ಒಂದೇ ವಿಷಯ ತಲೇಲಿ ಕೊರೀತಾ ಇದ್ರೆ, ಹಗಲಲ್ಲಿ ಬಾಯಿ ಬಿಡೋ ಹಾಗಿಲ್ಲ ಅಂದ್ರೆ, ರಾತ್ರಿ ಕನಸಲ್ಲಿ ಬರದೆ ಇನ್ನೇನಾಗತ್ತೆ. ನಾನು ಹೇಳೋದು ಇಷ್ಟೇ, ಆ ಊರಲ್ಲಿ ಅಂಥ ಹೆಂಗಸಿಗೆ ಗಟ್ಟಿಯಾಗಿ ಹೇಳೋಕೆ ಸಾಧ್ಯ ಇದ್ದ ಒಂದೇ ಒಂದು ಅನುಮಾನ ಅಂದ್ರೆ ಕನಸಿನ ರೂಪದ ಅನುಮಾನ. ಅದರಲ್ಲಿ ಪವಾಡ ಏನೂ ಇಲ್ಲ.

ಇನ್ನೊಂದು ಮಜಾ ನೋಡಿ, 1828ರ ಏಪ್ರಿಲ್ 19ಕ್ಕೆ ಥಾಮಸ್ ಮಾರ್ಟನ್ ಕೊಟ್ಟಿಗೆ ಒಳಗೆ ಹೋಗೋಕೆ ಅನುಮತಿ ಕೇಳಿದ್ದೂ ಹೆಣ ಹುಡುಕಬೇಕು ಅಂತಲ್ಲ, ಮಗಳ ಬಟ್ಟೆ ಅಲ್ಲಿ ಬಿಟ್ಟುಹೋಗಿದ್ದಾಳೇನೋ ನೋಡ್ಬೇಕು ಅಂತಂತೆ. ಹೆಂಡತಿ ಕನಸಿನ ಮರೇಲಿ ಹೇಳಿದ್ಲು, ಗಂಡ ಬಟ್ಟೆಯ ಮರೇಲಿ ಕೇಳಿದ. ಇಬ್ಬರಿಗೂ ಊರಿನ ಲೆಕ್ಕ ಚೆನ್ನಾಗಿ ಗೊತ್ತಿತ್ತು.

ಆಮೇಲೆ ನಡೆದದ್ದನ್ನ ಓದೋವಾಗ ನಂಗೆ ಪುಸ್ತಕ ಮುಚ್ಚಿಡೋಣ ಅನ್ಸಿತ್ತು. ಮಾರ್ಟನ್ ಜೊತೆಗೊಬ್ಬನನ್ನ ಕರ್ಕೊಂಡು ಕೊಟ್ಟಿಗೆಗೆ ಹೋದ, ನೆಲದ ಮೇಲಿನ ಹುಲ್ಲು ಸರಿಸಿದ, ಒಂದು ಕಡೆ ದೊಡ್ಡ ಕಲ್ಲುಗಳು ಬಿದ್ದಿದ್ವು, ಮಣ್ಣು ಸಡಿಲ ಇದ್ದ ಹಾಗಿತ್ತು. ಅವನ ಕೈಲಿದ್ದದ್ದು ಕಸುಬಿನ ಸಲಕರಣೆ, ಮೋಲ್ ಸುರಂಗ ಎಲ್ಲಿದೆ ಅಂತ ನೆಲ ಚುಚ್ಚಿ ನೋಡೋ ಕಬ್ಬಿಣದ ಮೊನೆ. ಜೀವಮಾನವಿಡೀ ಅದನ್ನ ಮಣ್ಣಿಗೆ ಚುಚ್ಚಿ, ಕೆಳಗೆ ಟೊಳ್ಳಿದ್ಯಾ ಗಟ್ಟಿ ಇದ್ಯಾ ಅಂತ ಕೈಯಲ್ಲೇ ತಿಳ್ಕೊಳ್ಳೋ ಮನುಷ್ಯ. ಅಲ್ಲಿ ಚುಚ್ಚಿ ಎಳೆದಾಗ ಮೊನೆಗೆ ಏನೋ ಕಪ್ಪಗೆ ಅಂಟ್ಕೊಂಡು ಬಂತು. ಮೂಸಿ ನೋಡಿದ. ಇದನ್ನ ಅವನೇ ಕೋರ್ಟಲ್ಲಿ ಹೇಳಿದ್ದು. ಇನ್ನೂ ವಿವರ ಬೇಡ.

ಹೆಣ ಚೀಲದಲ್ಲಿತ್ತು, ಕೊಳೆತುಹೋಗಿತ್ತು. ಊರಿನ ಕಾಕ್ ಇನ್ ಅನ್ನೋ ಹೆಂಡದ ಅಂಗಡೀಲೇ ಸಾವಿನ ವಿಚಾರಣೆಗೆ ಕೂತ್ರು, ತಂಗಿ ಬಂದು ಕೂದಲು, ಬಟ್ಟೆ, ಬಿದ್ದುಹೋಗಿದ್ದ ಹಲ್ಲಿನ ಜಾಗ ನೋಡಿ ಅಕ್ಕನೇ ಅಂದಳು. ಕುತ್ತಿಗೇಲಿ ಕಾರ್ಡರ್‌ಗೆ ಸೇರಿದ್ದು ಅನ್ನಲಾದ ಹಸಿರು ಕರವಸ್ತ್ರ ಇತ್ತು.

ಇನ್ನು ಕಾರ್ಡರ್‌ನ ಹಿಡಿದ ಕತೆ ಬೇಗ ಹೇಳಿ ಮುಗಿಸ್ತೀನಿ, ಯಾಕಂದ್ರೆ ಎಲ್ಲರೂ ಅದನ್ನೇ ಚಪ್ಪರಿಸ್ಕೊಂಡು ಹೇಳ್ತಾರೆ. ಲಂಡನ್ನಿನ ಅಧಿಕಾರಿ ಜೇಮ್ಸ್ ಲೀ, ಬ್ರೆಂಟ್‌ಫರ್ಡ್‌ನಲ್ಲಿ ಕಾರ್ಡರ್ ಹೆಣ್ಣುಮಕ್ಕಳ ಬೋರ್ಡಿಂಗ್ ನಡೆಸ್ತಿದ್ದ ಮನೆಗೆ, ನನ್ನ ಮಗಳನ್ನ ಸೇರಿಸ್ಬೇಕು ಅಂತ ಸುಳ್ಳು ಹೇಳಿ ಒಳಗೆ ಹೋದ. ಕಾರ್ಡರ್ ಡ್ರೆಸ್ಸಿಂಗ್ ಗೌನ್ ಹಾಕ್ಕೊಂಡು ಗಡಿಯಾರ ಮುಂದಿಟ್ಕೊಂಡು ಮೊಟ್ಟೆ ಎಷ್ಟು ನಿಮಿಷ ಬೇಯ್ತು ಅಂತ ನೋಡ್ತಾ ಕೂತಿದ್ದ. ಮರಿಯಾ ಮಾರ್ಟನ್ ಅನ್ನೋಳೇ ಗೊತ್ತಿಲ್ಲ ಅಂದ. ಮನೇಲಿ ಪಿಸ್ತೂಲು ಸಿಕ್ತು, ಫ್ರಾನ್ಸಿಗೆ ಹೋಗೋ ಪಾಸ್‌ಪೋರ್ಟೂ ಸಿಕ್ತು. ಅಷ್ಟೊತ್ತಿಗೆ ಅವನಿಗೆ ಮದುವೆ ಆಗಿತ್ತು, ಪೇಪರಲ್ಲಿ ವಧು ಬೇಕಾಗಿದ್ದಾಳೆ ಅಂತ ಜಾಹೀರಾತು ಕೊಟ್ಟು, ಬಂದ ರಾಶಿ ರಾಶಿ ಪತ್ರಗಳಲ್ಲಿ ಮೇರಿ ಮೂರ್ ಅನ್ನೋಳನ್ನ ಆರಿಸ್ಕೊಂಡಿದ್ದ. ಅವನು ತಗೊಂಡು ಹೋಗದೆ ಬಿಟ್ಟಿದ್ದ ಪತ್ರಗಳನ್ನ ಆಮೇಲೆ ಅಚ್ಚು ಹಾಕಿ ಮಾರಿದ್ರು, ಬರೆದ ಹೆಣ್ಣುಮಕ್ಕಳ ಮಾನ ಏನಾಗತ್ತೆ ಅಂತ ಯಾರೂ ಯೋಚಿಸಲಿಲ್ಲ.

ವಿಚಾರಣೆ 1828ರ ಆಗಸ್ಟ್ 7ಕ್ಕೆ ಬರಿ ಸೇಂಟ್ ಎಡ್ಮಂಡ್ಸ್‌ನಲ್ಲಿ ಶುರು. ಜನ ಎಷ್ಟು ನುಗ್ಗಿದ್ರು ಅಂದ್ರೆ ಟಿಕೆಟ್ ಇಟ್ಟು ಒಳಗೆ ಬಿಡಬೇಕಾಯ್ತು. ಹೇಗೆ ಸತ್ತಳು ಅನ್ನೋದೇ ಖಚಿತ ಇರಲಿಲ್ಲ, ಗುಂಡು, ಚೂರಿ, ಕುತ್ತಿಗೆ ಬಿಗಿದದ್ದು, ಬದುಕಿದ್ದಾಗ್ಲೇ ಹೂತದ್ದು, ಹೀಗೆ ಎಲ್ಲ ಸಾಧ್ಯತೆಗಳಿಗೂ ಒಂದೊಂದು ಆರೋಪ ಬರೆದ್ರು. ಒಂದು ವಿಷಯ ನಂಗೆ ಹೊಸದು: ಇಂಥ ದೊಡ್ಡ ಅಪರಾಧಗಳಲ್ಲಿ ಆರೋಪಿ ಪರ ವಕೀಲ ಸಾಕ್ಷಿಗಳನ್ನ ಪಾಟೀಸವಾಲು ಮಾಡಬಹುದಿತ್ತು, ಆದ್ರೆ ಜ್ಯೂರಿ ಮುಂದೆ ನಿಂತು ಅವನ ಪರವಾಗಿ ಮಾತಾಡೋ ಹಾಗಿರಲಿಲ್ಲ, ಆ ಹಕ್ಕು ಬಂದಿದ್ದು 1836ರಲ್ಲಿ. ಹಾಗಾಗಿ ಕಾರ್ಡರ್ ತಾನೇ ತನ್ನ ಹೇಳಿಕೆ ಓದಿದ. ಜಗಳ ಆಗಿ ನಾನು ಹೊರಗೆ ಬಂದೆ, ಗುಂಡಿನ ಸದ್ದು ಕೇಳ್ತು, ಅವಳೇ ಹೊಡ್ಕೊಂಡಿದ್ಲು, ಹೆದರಿ ಹೂತೆ ಅಂದ. ಪತ್ರಿಕೆಗಳು ಮೊದಲೇ ನನ್ನನ್ನ ಕೊಲೆಗಾರ ಮಾಡಿಟ್ಟಿವೆ ಅಂತಾನೂ ದೂರಿದ. ಅದು ಮಾತ್ರ ಅವನು ಹೇಳಿದ ನಿಜ. ವಿಚಾರಣೆಗೆ ಮುಂಚೇನೇ ಕೊಟ್ಟಿಗೆ ಹತ್ರ ಪಾದ್ರಿಯೊಬ್ಬ ಸಾವಿರಾರು ಜನ ಸೇರಿಸಿ ಈ ಕೊಲೆ ಬಗ್ಗೆ ಪ್ರವಚನ ಕೊಟ್ಟಿದ್ದ, ಗೊಂಬೆ ಆಟಗಳಲ್ಲಿ ಕಾರ್ಡರ್ ಆಗ್ಲೇ ಮರಿಯಾನ ಕೊಲ್ತಿದ್ದ. ಜ್ಯೂರಿ 35 ನಿಮಿಷದಲ್ಲಿ ತೀರ್ಮಾನಕ್ಕೆ ಬಂತು. ನೇಣಿಗೆ ಮುಂಚೆ ಅವನು, ಜಗಳದಲ್ಲಿ ನಾನೇ ಗುಂಡು ಹೊಡೆದೆ, ಆದ್ರೆ ಚೂರಿ ಹಾಕಿಲ್ಲ ಅಂತ ಒಪ್ಕೊಂಡ. ಆಗಸ್ಟ್ 11ಕ್ಕೆ ಗಲ್ಲು, ನೋಡೋಕೆ ಸಾವಿರಗಟ್ಟಲೆ ಜನ.

ಆಮೇಲಿನ ಭಾಗ ಕೊಲೆಗಿಂತ ವಿಚಿತ್ರ. 1752ರ ಕಾನೂನಿನ ಪ್ರಕಾರ ಕೊಲೆಗಾರನ ಹೆಣ ಸೀದಾ ಹೂಳೋ ಹಾಗಿರಲಿಲ್ಲ, ಕೊಯ್ಯೋಕೆ ಕೊಡಬೇಕಿತ್ತು. ಹೊಟ್ಟೆ ಸೀಳಿದ ಹೆಣವನ್ನ ಶೈರ್ ಹಾಲ್ ಅನ್ನೋ ಕೋರ್ಟ್ ಕಟ್ಟಡದಲ್ಲಿ ಇಟ್ರು, 5000ಕ್ಕೂ ಹೆಚ್ಚು ಜನ ಕ್ಯೂ ನಿಂತು ನೋಡಿದ್ರು. ಮಾರನೇ ದಿನ ಬ್ಯಾಟರಿ ತಂತಿ ಹಚ್ಚಿ ಸ್ನಾಯು ಕುಣಿಸಿ ತೋರಿಸಿದ್ರು. ಚರ್ಮ ಹದ ಮಾಡಿ ಇದೇ ಕೇಸಿನ ಪುಸ್ತಕಕ್ಕೆ ರಟ್ಟು ಹಾಕಿದ್ರು, ಅದು ಬರಿ ಸೇಂಟ್ ಎಡ್ಮಂಡ್ಸ್‌ನ ಮಾಯ್ಸೆಸ್ ಹಾಲ್ ಮ್ಯೂಸಿಯಂನಲ್ಲಿ ಈಗ್ಲೂ ಇದೆ. ಎಲುಬುಗೂಡು ಡಾಕ್ಟರಿ ಪಾಠಕ್ಕೆ ಹೋಯ್ತು, ಕೊನೆಗೆ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್‌ಗೆ ಸೇರಿ, 2004ರಲ್ಲಷ್ಟೇ ಸುಟ್ಟದ್ದು. ನೇಣಿನ ಹಗ್ಗವನ್ನ ತುಂಡು ತುಂಡು ಮಾಡಿ ಮಾರಿದ್ರು.

ಪೋಲ್‌ಸ್ಟೆಡ್‌ಗೆ ಜಾತ್ರೆ ಥರ ಜನ ಬಂದ್ರು, 1828 ಒಂದೇ ವರ್ಷದಲ್ಲಿ 2 ಲಕ್ಷ ಅಂತ ಅಂದಾಜು ಹೇಳ್ತಾರೆ, ಆಗಿನ್ನೂ ಆ ಕಡೆಗೆ ರೈಲೇ ಇರಲಿಲ್ಲ. ಬಂದೋರು ಕೊಟ್ಟಿಗೆಯ ಹಲಗೆ ಕಿತ್ರು. ಆ ಮರದಲ್ಲಿ ಹಲ್ಲುಕಡ್ಡಿ ಮಾಡಿ ಮಾರಿದ್ರು. ಹೆಣ ಹೂತಿದ್ದ ಕೊಟ್ಟಿಗೆಯ ಮರದಲ್ಲಿ ಹಲ್ಲು ಕೆದಕ್ಕೊಳ್ಳೋದು! 1842ರಲ್ಲಿ ಅದು ಸುಟ್ಟುಹೋಯ್ತು. ಸೇಂಟ್ ಮೇರಿ ಚರ್ಚಿನ ಅಂಗಳದಲ್ಲಿ ಮರಿಯಾಗೆ ಅಂತ ನಿಲ್ಲಿಸಿದ್ದ ಕಲ್ಲನ್ನೂ ಜನ ಚೂರು ಚೂರು ಕೆತ್ಕೊಂಡು ಹೋಗಿ ಏನೂ ಉಳಿಸಲಿಲ್ಲ, ಈಗ ಅಲ್ಲಿರೋದು ಒಂದು ಫಲಕ. ಕೊಂದವನ ಚರ್ಮ ಗಾಜಿನೊಳಗೆ ಭದ್ರವಾಗಿದೆ, ಸತ್ತವಳ ಗೋರಿ ಕಲ್ಲು ಜನರ ಜೇಬಲ್ಲಿ ಹೋಯ್ತು. ಈಗಿನ ಕ್ರೈಂ ಪಾಡ್‌ಕಾಸ್ಟುಗಳನ್ನ ಬೈಯೋರು ಇದನ್ನ ಒಮ್ಮೆ ಓದಬೇಕು, ನಾವೇನೂ ಹೊಸದಾಗಿ ಕೆಟ್ಟಿಲ್ಲ.

ನಾಟಕಗಳು ಶುರುವಾದ ಮೇಲೆ ಮರಿಯಾ ಅಮಾಯಕ ಹಳ್ಳಿ ಹುಡುಗಿ ಆದ್ಲು, ಅವಳ ಮಕ್ಕಳೆಲ್ಲ ಮಾಯ, ಕಾರ್ಡರ್ ವಯಸ್ಸಾದ ದುಷ್ಟ ಸಾಹುಕಾರ ಆದ. ನಿಜವಾಗಿ ಅವನಿಗೆ ಗಲ್ಲಾದಾಗ 25 ವರ್ಷ. ಮರಿಯಾ ಇದ್ದ ಹಾಗೇ ಇದ್ದಿದ್ರೆ ಪ್ರೇಕ್ಷಕರಿಗೆ ಅಯ್ಯೋ ಅನ್ಸೋದು ಕಷ್ಟ ಆಗ್ತಿತ್ತೇನೋ, ಅದಕ್ಕೆ ಅವಳನ್ನ ತೊಳೆದು ಶುದ್ಧ ಮಾಡಿ ಸ್ಟೇಜಿಗೆ ಹತ್ತಿಸಿದ್ರು.

ಆನ್‌ಗೆ ಸಿಕ್ಕಿದ್ದು ಇನ್ನೊಂದು ಥರದ ಪಾತ್ರ. ಆಮೇಲಿನವರು ಕೆಲವರು ಕೇಳೋಕೆ ಶುರು ಮಾಡಿದ್ರು, ಅಷ್ಟು ಸರಿಯಾಗಿ ಜಾಗ ಹೇಗೆ ಗೊತ್ತಾಯ್ತು, ಇವಳೂ ಮರಿಯಾ ವಯಸ್ಸಿನ ಆಸುಪಾಸಿನವಳೇ ಅಲ್ವಾ, ಇವಳಿಗೂ ಕಾರ್ಡರ್‌ಗೂ ಸಂಬಂಧ ಇತ್ತೇನೋ, ಅವನು ಬೇರೆ ಮದುವೆ ಆದ ಅಂತ ಹೊಟ್ಟೆಕಿಚ್ಚಿಗೆ ಕನಸಿನ ನಾಟಕ ಆಡಿದ್ಲೇನೋ ಅಂತ. ಇದಕ್ಕೆ ಪುರಾವೆ ಒಂದೂ ಇಲ್ಲ. ಮಲತಾಯಿ ಅಂದ ಕೂಡ್ಲೇ ನಂಬೋಕೆ ಮನಸ್ಸು ತಯಾರಿರತ್ತೆ, ಅಷ್ಟೇ ಇದರ ಬಲ. ಜಾಗ ಹೇಗೆ ಗೊತ್ತಾಯ್ತು ಅಂತ ಕೇಳೋರು ಮೇ 18ರ ಮಧ್ಯಾಹ್ನ ಅವಳು ಅದೇ ಮನೇಲಿದ್ಲು, ಅವರು ಹೋಗ್ತಿದ್ದ ಜಾಗದ ಹೆಸರು ಅವಳ ಮುಂದೇನೇ ಮಾತಾಗಿತ್ತು ಅನ್ನೋದನ್ನ ಓದಿಯೇ ಇರಲ್ಲ.

ಅವಳ ಸಾಕ್ಷಿ ಹುಡುಕಿ ಓದೋರಿಗೆ ನನ್ನದೊಂದು ಮಾತು, ಬಟ್ಟೆಯ ಭಾಗ ಹಾರಿಸ್ಬೇಡಿ. ಅವತ್ತು ಮರಿಯಾ ಮೈಮೇಲೆ ಏನಿತ್ತು ಅಂತ ಒಂದೊಂದಾಗಿ ಹೇಳ್ತಾಳೆ, ಕಂದು ಕೋಟು, ಪಟ್ಟೆ ವೇಸ್ಟ್‌ಕೋಟು, ನೀಲಿ ಪ್ಯಾಂಟು, ತಲೇಲಿ ಬಾಚಣಿಗೆಗಳು, ಕಿವೀಲಿ ಓಲೆ, ಚೀಲದಲ್ಲಿ ಏನೇನು ತುಂಬಿದ್ರು, ಎಲ್ಲ. ಘಟನೆ ಆಗಿ ವರ್ಷದ ಮೇಲಾಗಿದೆ, ಎದುರಿಗೆ ವಕೀಲರು, ಹಾಲ್ ತುಂಬ ಟಿಕೆಟ್ ತಗೊಂಡು ಬಂದ ಜನ. ಹೆಣದ ಜೊತೆ ಸಿಕ್ಕ ಚೂರುಪಾರುಗಳನ್ನ ತೋರಿಸಿದ್ರೆ ಇದು ಅವಳದ್ದೇ ಅಂತ ಗುರುತು ಹಿಡೀತಾಳೆ. ಗುದ್ದಲಿ ನೋಡಿದ ಹುಡುಗನ ಮಾತು, ಇವಳ ಬಟ್ಟೆ ಲೆಕ್ಕ, ಅಪ್ಪ ಅಗೆದ ನೆಲ, ಕೇಸು ನಿಂತಿದ್ದು ಇವುಗಳ ಮೇಲೆ. ಕನಸಿನ ಮೇಲೆ ಯಾರನ್ನೂ ಗಲ್ಲಿಗೇರಿಸೋಕೆ ಅವತ್ತಿನ ಕಾನೂನಲ್ಲೂ ಆಗ್ತಿರಲಿಲ್ಲ.